ಕೊಬ್ಬರಿ ಮೂಟೆಯ ಹಿಂದಿನ ಅಪ್ಪ

ನಮ್ಮೂರಿನಲ್ಲಿ ಪೊಲೀಸರಿಗೆ ಹೆದರದವರಿದ್ದರು, ದೆವ್ವಕ್ಕೆ ಹೆದರದವರಿದ್ದರು. ನಮ್ಮತ್ತೆಗೆ ಹೆದರದವರು ಮಾತ್ರ ಒಬ್ಬರೂ ಇರಲಿಲ್ಲ! ಹಾಗಂತ ಅತ್ತೆಯದು ಜೋರು ಬಾಯಿಯೇ? ಪಾಪ, ಇರುವೆಗೂ ದಾರಿ ಬಿಟ್ಟು ನಡೆಯುವ ಹೆಂಗಸು. ಅವಳ ಕೈಯಲ್ಲಿದ್ದದ್ದು ತುದಿಗೆ ತೆಂಗಿನ ನಾರು ಕಟ್ಟಿದ ಒಂದು ಕಡ್ಡಿ, ಅಷ್ಟೆ. ಅದರಲ್ಲಿ ಅವಳು ಚಿಕ್ಕಂದಿನಲ್ಲಿ ಕಂಡದ್ದನ್ನೆಲ್ಲ ನಮ್ಮ ಮನೆಯ ಮುಂದಿನ ಗೋಡೆಯ ಮೇಲೆ ಬರೆಯುತ್ತಿದ್ದಳು. ಕಂಡದ್ದನ್ನು ಕಂಡ ಹಾಗೆಯೇ! ಊರಿನವರು ಹೆದರದೆ ಏನು ಮಾಡುತ್ತಾರೆ?

ಆಕೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಕಂದಿಕೆರೆ ಹತ್ತಿರದ ನಮ್ಮ ಹಳ್ಳಿಗೆ ವಾಪಸು ಬಂದು ನಮ್ಮ ಮನೆಯಲ್ಲೇ ಉಳಿದಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಚಿತ್ರ ಬರೆಯುವುದನ್ನು ಯಾರೂ ಕಲಿಸಿದ್ದಲ್ಲ. ಕೆಮ್ಮಣ್ಣು, ಅರಿಶಿನ, ತೆಂಗಿನ ಚಿಪ್ಪು ಸುಟ್ಟ ಮಸಿ, ಇವಿಷ್ಟೇ ಬಣ್ಣ. ಹಬ್ಬಕ್ಕೆಂದು ಸುಣ್ಣ ಬಳಿದ ಗೋಡೆ ಒಣಗುವುದರೊಳಗೆ ಅದರ ಮೇಲೆ ಅರ್ಧ ಊರು ಕುರಿ ಕಾಯುತ್ತಿರುತ್ತಿತ್ತು, ಇನ್ನರ್ಧ ಊರು ಮೂಗು ಒರೆಸಿಕೊಳ್ಳುತ್ತಿರುತ್ತಿತ್ತು.

ಒಂದು ದಿನ ಡೈರಿಯ ಸೆಕ್ರೆಟರಿ ಮೊಪೆಡ್ ನಿಲ್ಲಿಸಿ ಗೋಡೆ ನೋಡಿದವರು ಹಾಗೇ ನಿಂತುಬಿಟ್ಟರು. ಕೆರೆಯಲ್ಲಿ ಎಮ್ಮೆಯ ಮೈ ತೊಳೆಯುತ್ತಿರುವ ಹುಡುಗ. ಮೈಮೇಲೆ ಉಡಿದಾರ ಬಿಟ್ಟರೆ ಇನ್ನೇನಿಲ್ಲ. ಹುಬ್ಬಿನ ಮೇಲಿನ ಮಚ್ಚೆ ಮಾತ್ರ ಸೆಕ್ರೆಟರಿಯದೇ!

“ಅಕ್ಕಾ, ನಾನೀಗ ನಾಕು ಜನದ ಮುಂದೆ ಓಡಾಡೋನು. ಒಂದು ಚಡ್ಡಿನಾದ್ರೂ ಬರೀರಿ.”

“ಚಡ್ಡಿ ಇತ್ತು ಕಣಪ್ಪ, ಮರ್ತೇಬುಟ್ಟಿದ್ದೆ,” ಎಂದು ಅತ್ತೆ ಆಗಲೇ ಕಡ್ಡಿ ಅದ್ದಿ ಚಡ್ಡಿ ಬರೆದಳು. ಎಮ್ಮೆಯ ಕೊಂಬಿನ ಮೇಲೆ!

ಇದನ್ನೆಲ್ಲ ಈಗ ನಗುತ್ತಾ ಹೇಳುತ್ತಿದ್ದೇನೆ. ಆಗ ಹಾಗಿರಲಿಲ್ಲ. ತಿಪಟೂರಿನ ಕಾಲೇಜಿನಿಂದ ನನ್ನ ಗೆಳತಿಯೊಬ್ಬಳು ಮನೆಗೆ ಬಂದವಳು ಗೋಡೆ ನೋಡಿ, “ಇದೇನೇ, ಮನುಷ್ಯರು ಮನೆಗಿಂತ ಎತ್ತರ ಇದಾರೆ!” ಎಂದು ಕಿಸಕ್ಕನೆ ನಕ್ಕಳು. “ಆವಾಗ ನಂಗೆ ಹಂಗೇ ಕಾಣ್ತಿದ್ರು ಕಣವ್ವ, ನಾನು ಇಷ್ಟುದ್ದ ಇದ್ದೆ,” ಎಂದು ಅತ್ತೆ ಮೊಣಕಾಲಿನ ಹತ್ತಿರ ಕೈ ಹಿಡಿದು ತೋರಿಸಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೇರೆಯವರ ಗೋಡೆಯ ಮೇಲೆ ಕ್ಯಾಲೆಂಡರಿನ ದೇವರು, ನಮ್ಮ ಗೋಡೆಯ ಮೇಲೆ ಸಿಂಬಳ! ಆಮೇಲೆ ನಾನು ಯಾವ ಗೆಳತಿಯನ್ನೂ ಮನೆಗೆ ಕರೆಯಲಿಲ್ಲ.

ಅಪ್ಪನ ಸಂಕಟ ನನ್ನದಕ್ಕಿಂತ ದೊಡ್ಡದು. ಜಗುಲಿಗೆ ಹೊಂದಿಕೊಂಡ ಗೋಡೆಯ ನಟ್ಟನಡುವೆ ಅವನೇ ಇದ್ದ. ಯಾರದೋ ದೊಡ್ಡ ಮನೆಯ ಹಿತ್ತಿಲು, ಆ ಮನೆಯೊಡತಿ ಮೇಲಿನಿಂದ ಮುದ್ದೆ ಹಾಕುತ್ತಿದ್ದಾಳೆ, ಹರಕಲು ಕಂಬಳಿಯ ಹುಡುಗ ತೆಂಗಿನ ಚಿಪ್ಪು ಒಡ್ಡಿ ನಿಂತಿದ್ದಾನೆ. ಅಪ್ಪ ಚಿಕ್ಕಂದಿನಲ್ಲಿ ಸಂಬಳಕ್ಕಿದ್ದು ಇನ್ನೊಬ್ಬರ ಕುರಿ ಕಾಯುತ್ತಿದ್ದ ಎಂಬುದು ನನಗೆ ತಿಳಿದದ್ದೇ ಆ ಗೋಡೆಯಿಂದ. ಈಗ ತೋಟವಿದೆ, ಅಟ್ಟದ ತುಂಬ ಕೊಬ್ಬರಿ ಇದೆ, ಮೈಮೇಲೆ ಮಡಿಕೆ ಮುರಿಯದ ಬಿಳಿ ಪಂಚೆ ಇದೆ. ಕುರಿ ಕಾಯ್ದ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅಂಥ ಹೊತ್ತಿಗೆ ನನ್ನನ್ನು ನೋಡಲು ದಬ್ಬೇಘಟ್ಟದ ಕಡೆಯವರು ಬರುತ್ತೇವೆಂದು ಹೇಳಿ ಕಳಿಸಿದರು. ಒಳ್ಳೆಯ ಸಂಬಂಧ. ನನಗೂ ಹುಡುಗನ ಫೋಟೋ ಹಿಡಿಸಿತ್ತು.

“ಅಕ್ಕಾ, ಅದನ್ನ ಅಳಿಸ್ಬುಡು,” ಎಂದ ಅಪ್ಪ.

“ಯಾಕ್ಲಾ, ಸುಳ್ಳಾ?”

“ಸುಳ್ಳಾಗಿದ್ರೆ ನಾನ್ಯಾಕೆ ಅಳಿಸು ಅಂತಿದ್ದೆ!”

ಅತ್ತೆ ಒಪ್ಪಲಿಲ್ಲ. ಅಕ್ಕ ಬರೆದದ್ದರ ಮೇಲೆ ತಾನೇ ಸುಣ್ಣ ಬಳಿಯಲು ಅಪ್ಪನಿಗೆ ಕೈ ಬರಲಿಲ್ಲ. ಕೊನೆಗೆ ಅಟ್ಟದಲ್ಲಿದ್ದ ಕೊಬ್ಬರಿಯನ್ನೆಲ್ಲ ಮೂಟೆ ಕಟ್ಟಿಸಿ, ಜಗುಲಿಯ ಮೇಲೆ ಸೂರು ಮುಟ್ಟುವಷ್ಟು ಎತ್ತರಕ್ಕೆ ಪೇರಿಸಿದ. ಚಿತ್ರವೂ ಮರೆಯಾಯಿತು, ಮನೆತನದ ಅಂತಸ್ತೂ ಕಂಡಿತು. ಎಂಥ ತಲೆ ನೋಡಿ!

ಆದರೆ ನಮ್ಮ ಕಡೆಯ ಮನುಷ್ಯ ಕೊಬ್ಬರಿ ಮೂಟೆ ಕಂಡು ಸುಮ್ಮನೆ ಕೂತದ್ದುಂಟೇ? ಹುಡುಗನ ತಂದೆಯ ಕಣ್ಣು ನನ್ನ ಮೇಲೆ ಬೀಳುವ ಮೊದಲೇ ಮೂಟೆಗಳ ಮೇಲೆ ಬಿತ್ತು. ಮುಂದಿನ ಸಾಲಿನದ್ದನ್ನು ಬಿಚ್ಚಿ ನೋಡಿ, “ಮಾಲು ಚೆನ್ನಾಗೈತೆ,” ಎಂದರು. ನಾವೆಲ್ಲ ಉಸಿರು ಬಿಟ್ಟೆವು. ಅವರು ಅಷ್ಟಕ್ಕೇ ಬಿಡಲಿಲ್ಲ. “ಮುಂದಿನ ಸಾಲು ಎಲ್ಲಾರ್ದೂ ಚೆನ್ನಾಗಿರ್ತದೆ. ಹಿಂದಿನವು ಹೆಂಗವೆ ನೋಡಾಣ, ಒಂದೆರಡು ಇಳಿಸ್ರಪ್ಪ,” ಎಂದರು. ಜೊತೆಗೆ ಬಂದಿದ್ದವರು ಉತ್ಸಾಹದಿಂದ ಇಳಿಸಿಯೇಬಿಟ್ಟರು. ಕಾಫಿಯ ತಟ್ಟೆ ಹಿಡಿದು ನಾನು ಹೊರಗೆ ಕಾಲಿಡುವುದಕ್ಕೂ ಚಿಪ್ಪು ಹಿಡಿದ ಅಪ್ಪ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು.

“ಇವನ್ಯಾರು? ಮುಖ ನಿಮ್ಮಂಗೇ ಐತಲ್ಲ?”

ಅಪ್ಪ ತಲೆ ತಗ್ಗಿಸಿದ. ಆಗ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು. “ಯಾರೂ ಅಲ್ಲ ಕಣಪ್ಪ. ಯಾರೋ ಒಂದು ಹುಡುಗ. ನಂಗೆ ತಲೆ ಸರಿಯಿಲ್ಲ, ಸುಮ್ಕೆ ಗೀಚ್ತೀನಿ.”

ಅತ್ತೆಯ ಬಾಯಲ್ಲಿ ಸುಳ್ಳು ಕೇಳಿದ್ದು ಅದೇ ಮೊದಲು. ಬಂದವರು ಉಪ್ಪಿಟ್ಟು ತಿಂದು ಹೋದರು. ಆಮೇಲೆ ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಅವರು ನನ್ನ ಜಾತಕ ಕೇಳಿಯೇ ಇರಲಿಲ್ಲ!

ಆ ಸುದ್ದಿ ಬಂದ ಬೆಳಿಗ್ಗೆ ಅತ್ತೆ ಬಕೆಟ್ಟಿನಲ್ಲಿ ಸುಣ್ಣ ಕಲಸಿ, ಮೂಟೆ ತೆಗೆಸಿದ್ದ ಜಗುಲಿ ಹತ್ತಿದಳು. ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು. “ನನ್ನಿಂದ ಮಗಿನ ಮದ್ವೆ ತಪ್ತು,” ಎನ್ನುತ್ತಾ ಪೊರಕೆ ಅದ್ದಿದಳು. ಅಪ್ಪ ಓಡಿಬಂದು ಅವಳ ಕೈ ಹಿಡಿದುಕೊಂಡ.

“ಬ್ಯಾಡ ಕಣಕ್ಕ. ಅವತ್ತು ಯಾರೋ ಒಂದು ಹುಡುಗ ಅಂದೆಯಲ್ಲ, ಚಿಪ್ಪು ಒಡ್ಡಿದಾಗ್ಲೂ ನಂಗೆ ಅಷ್ಟು ಅವಮಾನ ಆಗಿರ್ಲಿಲ್ಲ.” ಗೋಡೆಯ ಕಡೆ ತಿರುಗಿ ಕೇಳಿದ, “ಇದ್ರಾಗೆ ನೀನೆಲ್ಲಿ? ಬೇಲಿ ಹತ್ರ ಚೆಂಬು ಹಿಡ್ಕೊಂಡು ನಿಂತಿರ್ತಿದ್ದೆಯಲ್ಲ. ಒಣಾ ಮುದ್ದೆ ಗಂಟಲಾಗೆ ಇಳಿಯಲ್ಲ ಅಂತ, ನಿನ್ನ ಪಾಲಿನ ಮಜ್ಜಿಗೆ ತರ್ತಿದ್ದೆಯಲ್ಲ ದಿನಾ.”

“ನಾನು ನೋಡ್ತಾ ನಿಂತಿದ್ದೆ ಕಣ್ಲಾ. ನೋಡೋಳು ಚಿತ್ರದಾಗೆ ಹೆಂಗೆ ಬತ್ತಾಳೆ?”

ತಲೆಬಾಗಿಲಲ್ಲಿ ನಿಂತಿದ್ದ ನನಗೆ ಅಳು ಬಂತು. ನಾಚಿಕೆಯೂ ಆಯಿತು, ಆದರೆ ಗೋಡೆಯ ಬಗ್ಗೆ ಅಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿ, ನಾರಿನ ಕಡ್ಡಿ ತೆಗೆದುಕೊಂಡು ಮಸಿಯಲ್ಲಿ ಅದ್ದಿದ. ಹುಟ್ಟಿದಾಗಿನಿಂದ ಒಂದು ಗೆರೆ ಎಳೆದವನಲ್ಲ. ಅವನು ಬರೆದ ಹುಡುಗಿ ಸೋರೆಕಾಯಿಯಂತಿದ್ದಳು, ಕೈ ಯಾವುದು ಕಾಲು ಯಾವುದು ತಿಳಿಯುತ್ತಿರಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು.

“ಚೆಂಬು ವಾಲ್ತಾ ಐತೆ ಕಣ್ಲಾ,” ಎಂದಳು. “ನೆಟ್ಟಗೆ ಹಿಡಿಸು, ಮಜ್ಜಿಗೆ ಚೆಲ್ಲೋಯ್ತದೆ.”