ಎದುರು ಕಿಟಕಿಯ ಬಾಯಿ

ಚಿಕ್ಕಂದಿನಲ್ಲಿ ನನ್ನ ತಲೆಯಲ್ಲೊಂದು ಘನವಾದ ತಪ್ಪು ತಿಳಿವಳಿಕೆ ಮನೆಮಾಡಿತ್ತು. ಹುಟ್ಟುವಾಗಲೇ ಪ್ರತಿಯೊಬ್ಬರಿಗೂ ಇಂತಿಷ್ಟು ಎಂದು ಮಾತು ಅಳೆದು ಕೊಟ್ಟಿರುತ್ತಾರೆ, ಮುಗಿಯಿತೋ, ಮುಗಿಯಿತು! ಈ ಮಹಾಜ್ಞಾನದ ಮೂಲ ನನ್ನ ಅಪ್ಪ. "ಅಜ್ಜಿ ಯಾಕಪ್ಪಾ ಮಾತೇ ಆಡಲ್ಲ?" ಎಂದು ಕೇಳಿದ್ದಕ್ಕೆ ಪೇಪರಿನಿಂದ ತಲೆಯೆತ್ತದೆ, "ಅವಳ ಮಾತೆಲ್ಲ ಬಟ್ಟೆ ಗಿರಣೀಲೇ ಖರ್ಚಾಗೋಯ್ತು ಕಣೋ" ಎಂದಿದ್ದರು. ಅಂದಿನಿಂದ ನಾನು ಉಳಿತಾಯಕ್ಕೆ ಇಳಿದೆ. ಮೇಷ್ಟ್ರು ಮಗ್ಗಿ ಕೇಳಿದರೂ ತುಟಿ ಬಿಚ್ಚಲಿಲ್ಲ. ಬೆತ್ತ ಅಂಗೈಗೆ ಬಿದ್ದಾಗ ಉಳಿಸಿದ್ದೆಲ್ಲ ಒಂದೇ ಕಿರುಚಿಗೆ ಖಾಲಿಯಾಯಿತು!

ಅಂಥವನು ಈಗ ಮಾತು ಮಾರಿಯೇ ಹೊಟ್ಟೆ ಹೊರೆಯುತ್ತಿದ್ದೇನೆ. ಗ್ರಾಹಕರ ದೂರು ಕೇಳುವ ಕಂಪನಿಯೊಂದರಲ್ಲಿ, ಹೊಸದಾಗಿ ಸೇರಿದವರಿಗೆ 'ಕೇಳಿಸಿಕೊಳ್ಳುವುದು ಹೇಗೆ' ಎಂದು ಕಲಿಸುವ ಕೆಲಸ. ಕೊರಳಲ್ಲಿ ಗುರುತಿನ ಪಟ್ಟಿ, ಬಾಯಲ್ಲಿ ಸದಾ ಜೇನು. ಎಂಥ ಕಲ್ಲುಬಂಡೆಯನ್ನಾದರೂ ಮಾತಾಡಿಸಬಲ್ಲೆ ಎಂಬ ಕೊಬ್ಬು ಮೈತುಂಬ!

ಆ ಕೊಬ್ಬು ಒಂದು ಭಾನುವಾರ ಚಿಕ್ಕಪ್ಪನ ಮನೆಯಲ್ಲಿ ಉಕ್ಕಿಹರಿಯಿತು. ಅಲ್ಲೇ ಇದ್ದ ಅಜ್ಜಿಯನ್ನು ಇನ್ನು ಮುಂದೆ ಯಾರು ನೋಡಿಕೊಳ್ಳುವುದು ಎಂಬ ವಿಚಾರಕ್ಕೆ ಎಲ್ಲರೂ ಸೇರಿದ್ದರು. ಅಜ್ಜಿ ಮೂಲೆಯ ಕುರ್ಚಿಯಲ್ಲಿ ಕುಳಿತು, ಮಾತಾಡಿದವರ ಮುಖವನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದಳು.

"ಜಗಳಗಂಟಿ ಅತ್ತೆ ಆಗಿದ್ರೆ ಹೇಗೋ ಸುಧಾರಿಸ್ಕೋಬಹುದಿತ್ತು" ಎಂದರು ಚಿಕ್ಕಮ್ಮ. "ಇವರು ಸುಮ್ನೆ ನೋಡ್ತಾರೆ! ಫೋನಲ್ಲಿ ಮಾತಾಡ್ತಿದ್ರೆ ಬಾಗಿಲಲ್ಲಿ ನಿಂತು ನೋಡ್ತಾರೆ! ಬೆನ್ನೆಲ್ಲ ತಣ್ಣಗಾಗುತ್ತೆ ನಂಗೆ!"

ಅಮ್ಮನಿಗೇ ಮಂಡಿ ಆಪರೇಷನ್ ಆಗಿತ್ತು. ಹಾಗಾಗಿ ಅಪ್ಪ ಊರಾಚೆ ಒಂದು ವೃದ್ಧಾಶ್ರಮ ನೋಡಿಕೊಂಡು ಬಂದಿದ್ದರು. "ಗಾಳಿ ಬೆಳಕು ಚೆನ್ನಾಗಿದೆ" ಎಂದರು, ಯಾರ ಮುಖವನ್ನೂ ನೋಡದೆ.

ನಾನು ಎದ್ದು ನಿಂತೆ. "ಒಂದು ತಿಂಗಳು ನನ್ನ ಮನೇಲಿರ್ಲಿ. ಅಜ್ಜಿ ಬಾಯಿ ಬಿಡಿಸ್ತೀನಿ. ಆಗ್ಲಿಲ್ಲ ಅಂದ್ರೆ ನಿಮ್ಮಿಷ್ಟ!"

ಹೆಂಡತಿ ತೊಡೆ ಚಿವುಟಿದಳು. "ನಾನು ಹತ್ತು ಸಲ ಕರೆದ್ರೂ 'ಹಾಂ?' ಅನ್ನೋರು ನೀವು. ನೀವು ಕೇಳಿಸ್ಕೊಳ್ಳೋದನ್ನ ಕಲಿಸ್ತೀರಾ ಅಂತ ಗೊತ್ತಾದ್ರೆ ಆ ಗ್ರಾಹಕರು ಎದೆಯೊಡ್ಕೊಂಡು ಸಾಯ್ತಾರೆ!"

ಅಜ್ಜಿ ಬಂದಳು. ನಮ್ಮದು ಇಕ್ಕಟ್ಟಾದ ಬೀದಿಯ ಮೂರನೇ ಮಹಡಿಯ ಮನೆ. ಹಾಲಿನಲ್ಲಿ ದೊಡ್ಡ ಕಿಟಕಿ, ಪಕ್ಕದಲ್ಲೇ ಬಾಲ್ಕನಿ, ನಡುವೆ ಗಾಜಿನ ಬಾಗಿಲು. ಅಜ್ಜಿ ತನ್ನ ಕುರ್ಚಿಯನ್ನು ಎರಡೂ ಕಾಣುವ ಹಾಗೆ ತಾನೇ ಎಳೆದು ಹಾಕಿಕೊಂಡು ಕುಳಿತಳು.

ನಾನು ಕಂಪನಿಯ ವಿದ್ಯೆಗಳನ್ನೆಲ್ಲ ಪ್ರಯೋಗಿಸಿದೆ. ಅಜ್ಜಿಗೆ ಕಿವಿ ಮಂದ, ಆದ್ದರಿಂದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕಿವಿಗೇ ಬಾಯಿಟ್ಟು, "ಅಜ್ಜೀ, ನಿನಗೆ ಹೇಗನ್ನಿಸ್ತಿದೆ?" ಎಂದು ಅರಚಿದೆ. "ಹೂಂ" ಎಂದಳು. ಎದುರಿನವರು ಅಂದದ್ದನ್ನೇ ನಾವೂ ಅಂದರೆ ಆಪ್ತತೆ ಬೆಳೆಯುತ್ತದೆಂದು ನಾನೇ ಪಾಠ ಮಾಡುತ್ತೇನೆ. ಆದ್ದರಿಂದ ನಾನೂ "ಹೂಂ" ಎಂದೆ. ಅವಳು "ಊಂ?" ಎಂದಳು. ನಾನೂ "ಊಂ?" ಎಂದೆ. ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ರೀ, ಪಾರಿವಾಳ ಒಳಗೆ ಬಂದಿದೆ ಅನ್ಸುತ್ತೆ, ಓಡ್ಸಿ!"

ಇಷ್ಟೇ ಆಗಿದ್ದರೆ ನಗೆಪಾಟಲು ಎಂದು ಬಿಟ್ಟುಬಿಡಬಹುದಿತ್ತು. ಮೈ ಜುಮ್ಮೆನ್ನುವ ಸಂಗತಿಗಳು ಶುರುವಾದದ್ದು ಆಮೇಲೆ.

ಒಂದು ಸಂಜೆ ಬಾಲ್ಕನಿಯಲ್ಲಿ ನಿಂತು, ಗಾಜಿನ ಬಾಗಿಲು ಭದ್ರವಾಗಿ ಎಳೆದುಕೊಂಡು, ಹೆಂಡತಿಗೆ ಪಿಸುಗುಟ್ಟಿದೆ: "ತಲೆ ಸಿಡೀತಿದೆ ಕಣೇ." ಒಳಗೆ ಬಂದರೆ ಮೇಜಿನ ಮೇಲೆ ಮಾತ್ರೆ, ಪಕ್ಕದಲ್ಲಿ ಒಂದು ಲೋಟ ನೀರು! ಅಜ್ಜಿ ಕುರ್ಚಿಯಲ್ಲಿ ಗೊಂಬೆಯಂತೆ ಕುಳಿತಿದ್ದಾಳೆ. ಕಾಕತಾಳೀಯ ಎಂದುಕೊಂಡು ನುಂಗಿದೆ, ಮಾತ್ರೆಯನ್ನೂ ಭಯವನ್ನೂ.

ಮರುದಿನ ಅದೇ ಬಾಲ್ಕನಿಯಿಂದ ಮ್ಯಾನೇಜರಿಗೆ ಫೋನು ಮಾಡಿ, ದನಿಯನ್ನು ಆದಷ್ಟು ಒದ್ದೆ ಮಾಡಿಕೊಂಡು, "ಸಾರ್, ನಮ್ಮಜ್ಜಿ ಹಾಸಿಗೆ ಹಿಡಿದುಬಿಟ್ಟಿದ್ದಾರೆ, ನಾಳೆ ರಜೆ ಬೇಕು" ಎಂದೆ. ಗೆದ್ದ ಖುಷಿಯಲ್ಲಿ ಒಳಗೆ ಕಾಲಿಟ್ಟರೆ ಕುರ್ಚಿ ಖಾಲಿ. ಕೋಣೆಗೆ ಇಣುಕಿದೆ. ಅಜ್ಜಿ ಮಂಚದ ಮೇಲೆ ನೀಟಾಗಿ ಕಾಲು ಚಾಚಿ, ಗಲ್ಲದವರೆಗೆ ಹೊದಿಕೆ ಎಳೆದುಕೊಂಡು, ಕಣ್ಣು ಮುಚ್ಚಿ ಮಲಗಿದ್ದಾಳೆ. ಒಂದು ಕಣ್ಣು ಮಾತ್ರ ನಿಧಾನವಾಗಿ ತೆರೆಯಿತು.

"ನಾಳೆ ಒಂದಿನ ಮಲಗಿದ್ರೆ ಸಾಕಾ?"

ಮಂದ ಕಿವಿ, ಮುಚ್ಚಿದ ಬಾಗಿಲು, ಪಿಸುದನಿ! ಇವಳು ಕೇಳುತ್ತಿಲ್ಲ, ನನ್ನ ತಲೆಯೊಳಗೇ ಓಡಾಡುತ್ತಿದ್ದಾಳೆ! ಅಂದಿನಿಂದ ಅವಳ ಮುಂದೆ ಯೋಚನೆ ಮಾಡುವುದನ್ನೇ ಬಿಟ್ಟೆ. "ಅದೇನು ಅಂಥ ಬದಲಾವಣೆ ಅಲ್ಲ ಬಿಡಿ" ಎಂದಳು ಹೆಂಡತಿ.

ಆಮೇಲಿನ ವಾರ ಮುಸ್ಸಂಜೆಗೆ ಬಾಗಿಲು ತೆರೆದು ಬಂದೆ. ಹಾಲಿನ ದೀಪ ಹಚ್ಚಿರಲಿಲ್ಲ. ನನ್ನ ಓದುವ ದೀಪವೊಂದು ಮಾತ್ರ ಮೊಣಕಾಲೆತ್ತರದ ಸ್ಟೂಲಿನ ಮೇಲೆ ಉರಿಯುತ್ತಿತ್ತು. ಅದರ ಬೆಳಕು ಕೆಳಗಿನಿಂದ ಅಜ್ಜಿಯ ಗಲ್ಲಕ್ಕೆ, ಮೂಗಿಗೆ ಬಿದ್ದು, ಕಣ್ಣಿರಬೇಕಾದಲ್ಲಿ ಎರಡು ಕರಿಗುಳಿಗಳು. ಅವಳ ಬಾಯಿ ಅಗಲವಾಗಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಒಂದಿಷ್ಟೂ ಸದ್ದಿಲ್ಲದೆ! ಹುಬ್ಬು ಏರಿತು. ತುಟಿ ಸೊಟ್ಟಗಾಯಿತು. ಸ್ವಲ್ಪ ಹೊತ್ತು ತಡೆದಳು, ಯಾರೋ ಹೇಳುವುದನ್ನು ಕೇಳುವವಳ ಹಾಗೆ. ಆಮೇಲೆ ಭುಜ ಕುಣಿಸುತ್ತ ನಕ್ಕಳು. ಆ ನಗುವಿಗೂ ಸದ್ದಿರಲಿಲ್ಲ.

ಅವಳು ನೋಡುತ್ತಿದ್ದ ಕಡೆ ನೋಡಿದೆ. ನೋಡಬಾರದಿತ್ತು.

ಎದುರು ಕಟ್ಟಡದ ಕಿಟಕಿಯಲ್ಲಿ, ಕತ್ತಲ ನಡುವೆ, ಒಂದು ಬೆಳ್ಳನೆಯ ಮುಖ ತೇಲುತ್ತಿತ್ತು. ಮೈಯಿಲ್ಲ, ಕುತ್ತಿಗೆಯಿಲ್ಲ, ಬರೀ ಮುಖ. ಅದರ ಬಾಯಿಯೂ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

ಚಪ್ಪಲಿ ಬಿಟ್ಟೇ ಕೆಳಗೋಡಿದೆ. ಎದುರು ಕಟ್ಟಡಕ್ಕೆ ಹೊಸದಾಗಿ ಬಂದಿದ್ದ ಕಾವಲುಗಾರನನ್ನು ಹಿಡಿದು, "ಆ ಮೂರನೇ ಮಹಡೀಲಿ ಯಾರಿದ್ದಾರೆ?" ಎಂದು ಕೇಳಿದೆ.

"ಅಲ್ಲೀನಾ? ನಾನು ಬಂದಾಗಿಂದ ಅಲ್ಲಿ ಒಂದು ದನಿ ಕೇಳಿಲ್ಲ ಸಾರ್. ಹಗಲೆಲ್ಲಾ ಹೊರಗಡೆಯಿಂದ ಬೀಗ" ಎಂದವನು, ನನ್ನ ಬರಿಗಾಲು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. "ಯಾಕೆ ಸಾರ್? ಏನಾದ್ರೂ ಕಾಣ್ಸುತ್ತಾ ನಿಮ್ಗೆ?"

ಅವತ್ತು ಹೆಂಡತಿಯನ್ನು ಬಾಲ್ಕನಿಗೆ ಎಳೆದುಕೊಂಡು ಹೋಗಿ ಬಾಗಿಲು ಮುಚ್ಚಿದೆ.

"ಅಪ್ಪ ನೋಡಿದ ಆಶ್ರಮವೇ ಸರಿ. ಭಾನುವಾರ ಫೋನು ಮಾಡ್ತೀನಿ."

"ಏನ್ರೀ ಹೀಗಂತೀರಾ? ಪಾಪ, ಅವರು ನಿಮಗೇನು ಮಾಡಿದ್ರು?"

"ಏನೂ ಮಾಡ್ದೇನೇ ಇಷ್ಟು ಭಯ ಕಣೇ! ಅದು ಅಜ್ಜಿ ಅಲ್ಲ. ಅಜ್ಜಿ ಒಳಗೆ ಇನ್ಯಾರೋ ಇದ್ದಾರೆ!"

"ನಾಚಿಕೆ ಆಗ್ಬೇಕು ನಿಮಗೆ. ಅವರಿಗೆ ಹೋಗೋಕೆ ಇನ್ನೊಂದು ಮನೆ ಎಲ್ಲಿದೆ?" ಎಂದಳು. ನಾನು ಬೀದಿಯ ಕಡೆ ತಿರುಗಿ, "ಇರ್ಲಿ, ಆದ್ರೂ ಕಳಿಸೋದೇ" ಎಂದು ಗೊಣಗಿದೆ.

ಶನಿವಾರ ಸಂಜೆ ಹೆಂಡತಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅಜ್ಜಿ ಮತ್ತೆ ದೀಪ ಕೆಳಗಿಟ್ಟುಕೊಂಡು ಕುಳಿತಳು. ನಾನು ಹಾಲಿನ ದಪ್ಪ ಪರದೆಯ ಹಿಂದೆ ಅವಿತು, ಅಂಚಿನಿಂದ ಇಣುಕಿ ಎದುರು ಕಿಟಕಿ ನೋಡಿದೆ. ಬಿಳಿ ಮುಖ ಬಂತು. ಅಜ್ಜಿಯ ತುಟಿ ಸ್ವಲ್ಪ ಹೊತ್ತು ಆಡಿತು, ನಿಧಾನವಾಗಿ, ನಗುವಿಲ್ಲದೆ. ಕೊನೆಗೆ ಸೆರಗಿನಿಂದ ಮೂಗೊರೆಸಿಕೊಂಡಳು. ಆಗ ಎದುರಿನ ಕತ್ತಲೊಳಗಿಂದ ಒಂದು ಕೈ ಎದ್ದಿತು. ಒಣಕಲು ಬೆರಳೊಂದು ಬೀದಿಯನ್ನು ದಾಟಿ, ಪರದೆಯನ್ನು ತೂರಿ, ನೇರವಾಗಿ ನನ್ನ ಎದೆಗೇ ಗುರಿಯಿಟ್ಟಿತು! ಬಾಯಿ ಪಟಪಟನೆ ಬಡಿದುಕೊಳ್ಳತೊಡಗಿತು. ಅರ್ಥವಾಗದಿದ್ದರೂ ಅರ್ಥವಾಯಿತು: ನನಗೆ ಬೈಗುಳ ಬೀಳುತ್ತಿದೆ! ದೆವ್ವ ಹಿಡಿಯುತ್ತದೆ, ಬಡಿಯುತ್ತದೆ ಎಂದು ಕೇಳಿದ್ದೆ. ಹೀಗೆ ಮನೆಹಿರಿಯರ ಹಾಗೆ ಕೈ ಆಡಿಸಿ ಬೈಯುತ್ತದೆಂದು ಯಾರೂ ಹೇಳಿರಲಿಲ್ಲ!

ಹಿಂದಕ್ಕೆ ಹಾರಿದೆ. ಕಾಲು ಹೂಕುಂಡಕ್ಕೆ ಸಿಕ್ಕಿತು. ಆಸರೆಗೆ ಪರದೆ ಹಿಡಿದೆ. ಪರದೆ ಸರಳನ್ನು ಎಳೆಯಿತು, ಸರಳು ಗೋಡೆಯ ಗಾರೆಯನ್ನು ಎಳೆಯಿತು, ಎಲ್ಲ ಸೇರಿ ನನ್ನನ್ನು ಎಳೆದವು. ತಲೆಯಿಂದ ಕಾಲಿನವರೆಗೆ ಬಿಳಿ ಪರದೆ ಸುತ್ತಿಕೊಂಡು, ಗಾರೆಯ ಧೂಳು ಉದುರಿಸುತ್ತ, "ಊಊ" ಎಂದು ಎದ್ದು ನಿಂತ ಗಳಿಗೆಯಲ್ಲೇ ಹೆಂಡತಿ ಬಾಗಿಲು ತೆರೆಯಬೇಕೇ!

ಧೈರ್ಯವಂತೆ. ಓಡಲಿಲ್ಲ. ಪೊರಕೆ ತೆಗೆದುಕೊಂಡಳು.

"ನಾನು ಕಣೇ! ನಾನು!" ಎಂದು ಕೂಗಿದೆ. "ನಮ್ಮನೆಯೋರ ದನೀಲಿ ಬೇರೆ ಮಾತಾಡ್ತೀಯಾ?" ಎಂದು ಇನ್ನೆರಡು ಬಿಟ್ಟಳು!

ಆಗ ಒಂದು ಸದ್ದು ಕೇಳಿತು. ಈ ಮನೆ ಎಂದೂ ಕೇಳದ ಸದ್ದು. ಅಜ್ಜಿ ನಗುತ್ತಿದ್ದಳು, ದನಿ ತೆಗೆದು, ಹೊಟ್ಟೆ ಹಿಡಿದುಕೊಂಡು! ಹೆಂಡತಿಯ ಪೊರಕೆ ಮೇಲೆಯೇ ನಿಂತಿತು.

"ಸಾಕು ಬಿಡೇ" ಎಂದಳು ಅಜ್ಜಿ, ಕಣ್ಣೊರೆಸಿಕೊಳ್ಳುತ್ತ. "ಅಲ್ಲಿ ಅವಳಿಗೆ ನಕ್ಕು ನಕ್ಕು ಕೆಮ್ಮು ಬಂದಿದೆ."

"ಯಾರಿಗೆ?" ಎಂದೆವು ಇಬ್ಬರೂ.

ಮರುದಿನ ಹೆಂಡತಿ ನನ್ನ ಕಿವಿ ಹಿಡಿಯುವುದೊಂದು ಬಾಕಿ, ಎದುರುಮನೆಗೆ ಎಳೆದುಕೊಂಡು ಹೋದಳು. ಬಾಗಿಲು ತೆರೆದಾಕೆ ನರ್ಸು. ಕಾಲು ಮುರಿದ ತಾಯಿಯನ್ನು ಒಳಗೆ ಬಿಟ್ಟು, ಬೀಗ ಹಾಕಿಕೊಂಡು, ಹಗಲು ಪಾಳಿಗೆ ಹೋಗುವವಳು. ಒಳಗೆ ಕಿಟಕಿಯ ಬಳಿ, ಮುಖಕ್ಕೆ ಧಾರಾಳವಾಗಿ ಪೌಡರು ಬಳಿದುಕೊಂಡು, ಕಪ್ಪು ಶಾಲು ಹೊದ್ದು, ನಮ್ಮ 'ದೆವ್ವ' ಕುಳಿತಿತ್ತು.

"ಬಾರಪ್ಪಾ" ಎಂದಿತು. "ಕನ್ನಡಿ ಮುಂದೆ ನಿಂತು ಮ್ಯಾನೇಜರಿಗೆ ಬೈಯೋ ಅಭ್ಯಾಸ ಮಾಡೋನು ನೀನೇ ಅಲ್ವಾ? ಬೈಗುಳ ಚೆನ್ನಾಗಿದೆ. ಆಫೀಸಲ್ಲಿ ಒಂದಾದ್ರೂ ಬೈದ್ಯಾ?"

ಆಕೆಯೂ ಅಜ್ಜಿಯ ಗಿರಣಿಯವಳೇ. ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವ ಆ ಶೆಡ್ಡಿನಲ್ಲಿ ಕಿರುಚಿದರೂ ಪಕ್ಕದವಳಿಗೆ ಕೇಳುತ್ತಿರಲಿಲ್ಲವಂತೆ. ಹಾಗಾಗಿ ಹೆಂಗಸರೆಲ್ಲ ದನಿಯ ಗೊಡವೆ ಬಿಟ್ಟು ಬರೀ ತುಟಿಯಲ್ಲೇ ಮಾತಾಡುತ್ತಿದ್ದರಂತೆ, ಈ ಗೋಡೆಯಿಂದ ಆ ಗೋಡೆಗೆ, ನೂಲು ಬದಲಿಸುತ್ತ. ಬಂದ ಮೊದಲನೇ ದಿನವೇ ಅಜ್ಜಿ ಎದುರು ಕಿಟಕಿಯಲ್ಲಿ ಆ ತುಟಿಗಳನ್ನು ಕಂಡಿದ್ದಳು. ಕತ್ತಲಾದ ಮೇಲೆ ಬಾಯಿ ಕಾಣಲೆಂದೇ ಇಬ್ಬರೂ ದೀಪ ಕೆಳಗಿಟ್ಟುಕೊಳ್ಳುತ್ತಿದ್ದದ್ದು!

ಮನೆಗೆ ಬಂದು ಈ ಸಲ ಅಜ್ಜಿಯ ಪಕ್ಕದಲ್ಲಿ ಅಲ್ಲ, ಎದುರಿಗೆ ಕುಳಿತೆ. ದನಿ ಏರಿಸದೆ ಕೇಳಿದೆ: "ಇಷ್ಟು ವರ್ಷ ನಮ್ಮ ಹತ್ರ ಯಾಕಜ್ಜಿ ಮಾತಾಡ್ಲಿಲ್ಲ?"

"ನೀವೆಲ್ಲ ಕಿವಿಗೆ ಬಾಯಿ ಇಟ್ಟು ಕಿರುಚ್ತೀರಿ. ಕಿವಿಯಲ್ಲೇನಿದೆ, ಮಗ್ಗದ ಸದ್ದೊಂದೇ. ಮುಖ ತೋರಿಸಿ ಯಾರು ಮಾತಾಡಿದ್ರು?" ಎಂದಳು. "ನಿಮ್ಮಪ್ಪನ ಬಾಯಂತೂ ಪೇಪರಿಂದ ಹೊರಗೇ ಬರಲ್ಲ."

ಹೆಂಡತಿ ಬಂದು ಅಜ್ಜಿಯ ಕಾಲ ಬಳಿ ಕುಳಿತಳು. ಸಂಜೆಯವರೆಗೂ ಅಜ್ಜಿ ಮಾತಾಡಿದಳು: ಲಾಳಿ ಹಾರಿ ಹಣೆಗೆ ಬಡಿದದ್ದು, ಸೂಪರ್‌ವೈಸರನ ಎದುರಲ್ಲೇ ಅವನಿಗೆ ಸದ್ದಿಲ್ಲದೆ ಬೈದದ್ದು, ಅಜ್ಜನ ಗೊರಕೆ. ಭಾನುವಾರದ ಫೋನನ್ನು ನಾನು ಮಾಡಲಿಲ್ಲ. ಅಪ್ಪನೇ ಮಾಡಿದರು; "ಇಲ್ಲೇ ಇರ್ತಾರೆ ಮಾವ, ಆಶ್ರಮದಲ್ಲಿ ಜಾಗ ಹಿಡಿದಿಟ್ಟಿದ್ರೆ ನಿಮ್ಮ ಮಗನನ್ನ ಕಳಿಸ್ತೀನಿ" ಎಂದು ಹೆಂಡತಿ ಇಟ್ಟುಬಿಟ್ಟಳು.

ಆದರೆ ನನ್ನೊಳಗೆ ಒಂದು ಮುಳ್ಳು ಆಡುತ್ತಲೇ ಇತ್ತು. ಹೆಂಡತಿ ಒಳಗೆ ಹೋದಮೇಲೆ ಮೆಲ್ಲಗೆ ಕೇಳಿದೆ.

"ಅಜ್ಜೀ, ಆವತ್ತು ಬಾಲ್ಕನೀಲಿ ನಾನು ಆಡಿದ್ದು... ನೋಡಿದ್ಯಾ?"

"ನೋಡಿದೆ."

"ಎಲ್ಲಾನೂ? ಕೊನೇಲಿ ನಾನು ಆ ಕಡೆ ತಿರುಗಿದ್ನಲ್ಲಾ?"

"ಅದನ್ನ ಎದುರುಮನೆಯವಳು ನೋಡಿ ಹೇಳಿದ್ಲು."

"ಅಷ್ಟೆಲ್ಲ ಗೊತ್ತಾದ್ಮೇಲೂ ನೀನು ಯಾಕಜ್ಜಿ ಮನೆ ಬಿಟ್ಟು ಹೊರಡ್ಲಿಲ್ಲ?"

ಅಜ್ಜಿ ನನ್ನ ತುಟಿಯಿಂದ ಕಣ್ಣೆತ್ತಿ ಮುಖ ನೋಡಿದಳು.

"ನಾನ್ಯಾಕೋ ಹೊರಡ್ಲಿ? ಹೆದರ್ಕೊಂಡಿದ್ದು ನೀನು. ನೀನು ಹೋಗು."