ಬದುಕಿರುವ ನನ್ನ ಅಕ್ಕನನ್ನು ಪ್ರತಿ ಸಂಜೆ ಕೊಲ್ಲುವ ಮಹನೀಯರಿಗೆ

ಹಳೇ ಪೇಟೆಯ ಮಹಾಜನರೇ, ಮುಂದಿನ ಬೆಂಚಿನ ಗಣ್ಯರೇ, ಕಂಬದ ಮರೆಯಲ್ಲಿ ಕತ್ತು ಚಾಚಿ ಕೂತವರೇ, ಮಾತು ನಿಲ್ಲಿಸಿ ಇತ್ತ ಕಿವಿಗೊಡಿ. ಈ ಪತ್ರ ಒಬ್ಬರ ವಿಳಾಸಕ್ಕೆ ಬರೆದದ್ದಾದರೂ ನಿಮ್ಮೆಲ್ಲರ ಎದುರು ಓದಲೆಂದೇ ಬರೆದದ್ದು.

ಹಳೇ ಪೇಟೆಯ ಭೂತದರ್ಶನ ನಡಿಗೆಯ ಮಾರ್ಗದರ್ಶಕರಾದ ಮಾನ್ಯರೇ,

ಕೈಯಲ್ಲಿ ಬ್ಯಾಟರಿ ಲಾಂದ್ರ, ಮೈಮೇಲೆ ಕರಿಯ ನಿಲುವಂಗಿ, ಬೆನ್ನ ಹಿಂದೆ ಬಾಯಿ ತೆರೆದ ಪ್ರವಾಸಿಗರ ಹಿಂಡು, ಹೀಗೆ ತಾವು ಸಂಜೆ ಹೊತ್ತು ನಮ್ಮ ಬೀದಿಗೆ ದಯಮಾಡಿಸತೊಡಗಿದ ಮೇಲೆ ಈ ಊರಿನ ಘನತೆ ಎಷ್ಟು ಏರಿತೆಂದು ಬಣ್ಣಿಸಲಾರೆ. ಪೇಟೆಯ ಗಡಿಯಾರ ಹಿಂದೆ ಬೀಳುವುದು ಅದಕ್ಕೆ ಕೀಲಿ ಕೊಡುತ್ತಿದ್ದವನ ಅತೃಪ್ತ ಆತ್ಮದಿಂದ ಎಂದು ತಾವು ಸಾರಿದ ದಿನವೇ ಪುರಸಭೆಯವರು ಅದರ ರಿಪೇರಿಯ ಯೋಚನೆಯನ್ನು ನಿಶ್ಚಿಂತೆಯಿಂದ ಕೈಬಿಟ್ಟರು. ಹಳೆಯ ಅಂಚೆ ಕಚೇರಿಯ ಸೂರಿನ ನರಳಾಟ ಪಾರಿವಾಳಗಳದ್ದೆಂದು ಇಷ್ಟು ಕಾಲ ನಂಬಿದ್ದ ನಾವು ಎಂಥ ಮೂಢರು.

ನಾನು ನಾಟಕ ಕಂಪನಿಯ ಪರದೆಯ ಹಿಂದೆಯೇ ತೊಟ್ಟಿಲಲ್ಲಿ ಬೆಳೆದು, ಕಂಪನಿ ಮುಚ್ಚುವವರೆಗೆ ರಾಜನಾಗಿ, ಖಳನಾಗಿ ಗುಡುಗಿದವನು. ಈಗ ಅಕ್ಕನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಕೂತು ಗಿರಾಕಿಗಳ ಬಟ್ಟೆ ಈಸಿಕೊಳ್ಳುವವನು. ಹೊಲಿಯುವುದೆಲ್ಲ ಮೇಲೆ, ಮಹಡಿಯ ಬೀದಿ ಕಿಟಕಿಯ ಪಕ್ಕ, ಅಕ್ಕ. ಆದ್ದರಿಂದ ಆ ಮೊದಲ ಸಂಜೆ ತಾವು ಎಡವಿದ್ದು ನನ್ನ ಕಣ್ಣಿಗೆ ತಪ್ಪಲಿಲ್ಲ. ಎದುರಿನ ಪಾಳು ಗೋದಾಮಿನ ಕಥೆ ಹೇಳುತ್ತ ನಡುವೆ ಮಾತು ಮರೆತಿರಿ. ಅಷ್ಟರಲ್ಲಿ ಗುಂಪಿನಲ್ಲೊಬ್ಬರು ನಮ್ಮ ಕಿಟಕಿಯತ್ತ ಬೆರಳು ತೋರಿದರು. ಅಲ್ಲಿ ಅಕ್ಕ ಸಂಜೆ ಬೆಳಕಿಗೆ ಸೂಜಿ ಎತ್ತಿ ಹಿಡಿದು ದಾರ ಪೋಣಿಸುತ್ತಿದ್ದಳು. ಮಾತು ಮರೆತ ನಟ ಕೈಗೆ ಸಿಕ್ಕ ಕುರ್ಚಿಯನ್ನಾದರೂ ಹಿಡಿದು ದೃಶ್ಯ ದಾಟಿಸುವಂತೆ ತಾವು ನನ್ನ ಅಕ್ಕನನ್ನು ಹಿಡಿದಿರಿ: ಬಾರದ ವರನಿಗಾಗಿ ಕಾದು ಕಾದು ಅದೇ ಕಿಟಕಿಯಲ್ಲಿ ಪ್ರಾಣ ಬಿಟ್ಟ ವಧು. ಜನ ಚೀರಿದರು. ಮರುದಿನದಿಂದ ಅದೇ ತಮ್ಮ ನಡಿಗೆಯ ಮುಖ್ಯ ದೃಶ್ಯವಾಯಿತು.

ಕಲಾವಿದನಾಗಿ ಒಂದು ಸಣ್ಣ ವಿಮರ್ಶೆ. ತಾವು ಆಕೆಯನ್ನು ಕೊಲ್ಲುವ ಮಾತು ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಉಸಿರು ಹೊಟ್ಟೆಯಿಂದ ಬರಲಿ. ಹಿಂದೆ ನಿಂತವರು "ಯಾರು ಸತ್ತಿದ್ದು, ಯಾರು?" ಎಂದು ಕೇಳುತ್ತಿದ್ದರೆ ಪಾಪ, ಅಕ್ಕನೇ ಕಿಟಕಿಯಿಂದ "ನಾನೇ ಕಣ್ರೀ" ಎನ್ನಬೇಕಾಗಿ ಬರುತ್ತಿತ್ತು.

ಹೌದು, ಮೊದಮೊದಲು ಆಕೆ ನಕ್ಕಳು. "ಸಾಯಿಸಿದ್ದಕ್ಕೆ ಬೇಜಾರಿಲ್ಲ ಕಣೋ, ಬಂದ ಗಂಡುಗಳನ್ನೆಲ್ಲ ಬಂದ ದಾರೀಲೇ ವಾಪಸ್ ಕಳಿಸಿದೋಳು ನಾನು, ಗಂಡಿಗೆ ಕಾದು ಸತ್ತಳು ಅಂತಾನಲ್ಲ, ಅದನ್ನ ಹೇಗೋ ತಡ್ಕೊಳ್ಳಲಿ" ಎಂದಷ್ಟೇ ಅಂದಳು. ಬ್ರೆಡ್ಡಿನವನು "ಅಕ್ಕಾ, ಇನ್ನೂ ತಿಂತೀರಾ, ಇಲ್ಲಾ ವಾಸನೆ ನೋಡಿದ್ರೆ ಸಾಕಾ?" ಎಂದಾಗಲೂ "ತಿನ್ನೋದು ನಿನ್ನನ್ನೇ, ಮೇಲೆ ಬಾ" ಎಂದು ಅವನನ್ನು ಓಡಿಸಿದ್ದಳು. ಆದರೆ ಒಂದು ದಿನ, ಹುಟ್ಟಿದಾಗಿನಿಂದ ಅಕ್ಕನೇ ಫ್ರಾಕು ಹೊಲಿದುಕೊಟ್ಟ ಪಕ್ಕದ ಬೀದಿಯ ಹುಡುಗಿ, ಅಕ್ಕ ಅಳತೆಯ ಟೇಪು ಹಿಡಿದು ಬಗ್ಗಿದ ಕೂಡಲೇ ತಾಯಿಯ ಬೆನ್ನ ಹಿಂದೆ ಅಡಗಿ, "ಅಮ್ಮಾ, ಆ ಅಜ್ಜಿ ಕೈ ತಣ್ಣಗಿರತ್ತಂತೆ, ಮುಟ್ಟಿಸ್ಬೇಡ" ಎಂದಳು. ಅಕ್ಕ ಟೇಪು ಸುತ್ತಿಟ್ಟಳು. ಅಂದಿನಿಂದ ಕಿಟಕಿ ಮುಚ್ಚಿದೆ, ಹೊಲಿಗೆ ಯಂತ್ರ ಹಿಂದಿನ ಕೋಣೆ ಸೇರಿದೆ. ಅಲ್ಲಿನ ಬಲ್ಬಿನ ಬೆಳಕಿಗೆ ಕರಿ ದಾರ ಯಾವುದು, ನೀಲಿ ದಾರ ಯಾವುದು ಆಕೆಗೆ ತಿಳಿಯುವುದಿಲ್ಲ. ನನ್ನನ್ನು ಕೂಗಿ ಕೇಳುವುದನ್ನೂ ಈಗ ಬಿಟ್ಟಿದ್ದಾಳೆ.

ಆದುದರಿಂದ ತಮ್ಮಲ್ಲಿ ನಮ್ರ ವಿನಂತಿ: ಕೈಗೆತ್ತಿಕೊಂಡ ಕೊಲೆಯನ್ನು ಅರ್ಧಕ್ಕೆ ಬಿಡಬೇಡಿ. ಆಕೆಯ ಪ್ರಾಣ ಒಯ್ದ ತಾವು ಮಂಡಿನೋವನ್ನು ಇಲ್ಲೇ ಮರೆತು ಹೋಗಿದ್ದೀರಿ, ಅದನ್ನೂ ಕೊಂಡೊಯ್ಯಿರಿ. ಗೋಡೆ ತೂರುವ ವಿದ್ಯೆ ಕಲಿಸಿಕೊಡಿ, ಮೆಟ್ಟಿಲು ಹತ್ತಿಳಿಯುವುದಾದರೂ ತಪ್ಪಲಿ. ಆ ವರ ಎಲ್ಲಿದ್ದರೂ ಹುಡುಕಿ ತನ್ನಿ, ಆಕೆ ಅವನನ್ನೂ ವಾಪಸ್ ಕಳಿಸಬೇಕಾಗಿದೆ.

ಇವೆಲ್ಲ ಕಷ್ಟವಾದರೆ ಸುಲಭದ್ದೊಂದಿದೆ. ನಮ್ಮ ಕಂಪನಿಯಲ್ಲಿ ಒಂದು ಕಟ್ಟುಪಾಡಿತ್ತು: ರಂಗದ ಮೇಲೆ ಕೊಂದವನೇ ಪರದೆ ಬಿದ್ದ ಮೇಲೆ ಕೈಕೊಟ್ಟು ಸತ್ತವರನ್ನು ಎಬ್ಬಿಸಬೇಕು, ಸತ್ತವರು ತಾವಾಗಿ ಏಳುವಂತಿಲ್ಲ. ಒಮ್ಮೆ ಖಳನ ಪಾತ್ರದವನು ಮರೆತು ಊಟಕ್ಕೆ ಹೋದಾಗ, ಹೆಣವಾಗಿದ್ದ ನಮ್ಮಪ್ಪ ಅವನು ಬಾಯಿ ಒರೆಸಿಕೊಂಡು ಬರುವ ತನಕ ಹಲಗೆಯ ಮೇಲೆ ಅಲುಗದೆ ಮಲಗಿದ್ದರು. ಅಕ್ಕ ಆ ಅಪ್ಪನ ಮಗಳು. ತಾವು ಕೊಂದಾಗಿದೆ, ಪರದೆ ಬಿದ್ದಾಗಿದೆ. ಎಬ್ಬಿಸಲು ಇನ್ನೂ ಯಾರೂ ಬಂದಿಲ್ಲ.

ತಮ್ಮ ವಿಶ್ವಾಸಿ,
ಕಿಟಕಿಯ ವಧುವಿನ ಖಾಸಾ ಸೋದರ

ತಾ.ಕ.: ಅಂಚು ಬಿಚ್ಚಿಹೋಗಿದೆಯೆಂದು ಮೊನ್ನೆ ಅದೇ ಕಿಟಕಿಯ ಕೆಳಗೆ ನಿಂತು, ಹೊಲಿಯುವವರು ಯಾರೆಂದೂ ಕೇಳದೆ ತಾವು ನನ್ನ ಕೈಗಿತ್ತ ಕರಿಯ ನಿಲುವಂಗಿ ಸಿದ್ಧವಾಗಿದೆ. ಅದಿಲ್ಲದೆ ಬರಿಯ ಶರಟಿನಲ್ಲಿ ಜನರನ್ನು ಹೆದರಿಸುವ ತಮ್ಮ ಪಾಡು ನೋಡಲಾರದೆ ತಮ್ಮ ದಿವಂಗತ ವಧುವೇ ಹೊಲಿದಿದ್ದಾಳೆ. ಹಿಂದಿನ ಕೋಣೆಯ ಬೆಳಕಿನ ಕೃಪೆಯಿಂದ ದಾರ ನೀಲಿಯಾಗಿದೆ, ಕ್ಷಮಿಸಿ. ನಾಳೆ ಬೆಳಿಗ್ಗೆ ತಾವು ಅದನ್ನು ಒಯ್ಯಲು ಬರುವ ಹೊತ್ತಿಗೆ ನಾನು ಆ ಕಿಟಕಿಯನ್ನು ಕೈಯಾರೆ ತೆರೆದು, ಅಕ್ಕನ ಕುರ್ಚಿಯನ್ನು ಅಲ್ಲಿಗೆ ಎಳೆದು, ನಿಲುವಂಗಿಯನ್ನು ಆಕೆಯ ಮಡಿಲಲ್ಲಿಟ್ಟು, ಬೀದಿಗಿಳಿದು, ಗಡಿಯಾರದ ಆತ್ಮಕ್ಕೂ ಕೇಳುವಂತೆ ತಮ್ಮನ್ನು ಮೇಲಕ್ಕೆ ಕರೆಯುತ್ತೇನೆ. ಆ ಹುಡುಗಿಯನ್ನೂ ಕರೆಸಿರುತ್ತೇನೆ. ಅಕ್ಕನ ಕೈ ತಣ್ಣಗಿದೆಯೋ ಬೆಚ್ಚಗಿದೆಯೋ, ಹಿಡಿದು ನೋಡಿ ಅವಳಿಗೆ ತಾವೇ ಹೇಳುವಿರಂತೆ.