ನನ್ನ ಮುಖದ ಕೆಳಗೆ ತಾವು ಬರೆದ ‘ಹಸಿವೆ’

ಮಾನ್ಯ ಗುರುಗಳಾದ ಅನುರಾಧಾ ಅವರೇ, ಮಾನ್ಯ ಗುರುಗಳಾದ ಋಷಿಕೇಶ ಅವರೇ,

ಗುಂಜೋಟಿಯಿಂದ ಕುರಿಗಾರ ಅಮೋಘಸಿದ್ಧ ತಲೆಯ ಮೇಲಿನ ರುಮಾಲು ತೆಗೆದು ಮಾಡುವ ನಮಸ್ಕಾರಗಳು. ಬೀರಪ್ಪನ ದಯೆಯಿಂದ ನಾವೂ ನಮ್ಮ ಕುರಿಗಳೂ ಹೊಟ್ಟೆ ತುಂಬ ಉಂಡು ಕ್ಷೇಮವಾಗಿದ್ದೇವೆ. ಉಳಿದವರು ಪತ್ರದ ಮೊದಲಿಗೆ ಈ ಮಾತನ್ನು ಶಿಷ್ಟಾಚಾರಕ್ಕೆ ಬರೆಯುತ್ತಾರೆ, ನಾನು ಪುರಾವೆಗೆ ಬರೆಯುತ್ತಿದ್ದೇನೆ. ಅನುರಾಧಾ ಅವರ ತವರು ಬೀದರ ಕಡೆಯದಾಗಿದ್ದು ಅವರಿಗೆ ಕನ್ನಡ ಓದಲು ಬರುವುದರಿಂದ, ಶಾಲೆಯಲ್ಲಿ ಕಲಿತ ಮರಾಠಿ ಬಿಟ್ಟು ಮನೆಯಲ್ಲಿ ಜಗಳವಾಡುವ ಭಾಷೆಯಲ್ಲೇ ಬರೆಯುವ ಧೈರ್ಯ ಮಾಡಿದ್ದೇನೆ.

ಉದಗೀರದ ಹಳೆಯ ಗೋದಾಮೊಂದರಲ್ಲಿ, ಸರಕಾರದ ಹಂಗಿಲ್ಲದೆ, ಶ್ರೀಮಂತರ ಮುಲಾಜಿಲ್ಲದೆ, ತಾವಿಬ್ಬರೇ ನಿಂತು ಸ್ವತಂತ್ರ ಛಾಯಾಚಿತ್ರ ಶಾಲೆ ನಡೆಸುತ್ತಿರುವುದು ಸಣ್ಣ ಮಾತಲ್ಲ. ತಾವು ಮಕ್ಕಳಿಗೆ ಪ್ರಮಾಣಪತ್ರ ಕೊಡುವುದಿಲ್ಲವಂತೆ, ನೋಡುವ ಕಣ್ಣು ಕೊಡುತ್ತೀರಂತೆ. ನಮಗೆ ಕಣ್ಣುಗಳು ಹುಟ್ಟುವಾಗಲೇ ಬಂದಿದ್ದರಿಂದ ತಮ್ಮ ಶಾಲೆಯ ಮಹತ್ವ ತಿಳಿಯುವುದು ತಡವಾಯಿತು. ಕಳೆದ ಚಳಿಗಾಲದಲ್ಲಿ ತಾವು ಶಿಷ್ಯರ ದಂಡು ಕಟ್ಟಿಕೊಂಡು ನಮ್ಮ ಕುರಿಹಟ್ಟಿಗೆ ದಯಮಾಡಿಸಿದ ದಿನ ಅದು ತಿಳಿಯಿತು.

‘ಇದ್ದುದನ್ನು ಇದ್ದ ಹಾಗೆಯೇ ಹಿಡಿಯಬೇಕು’ ಎಂದು ಋಷಿಕೇಶ ಅವರು ಅಂದು ಶಿಷ್ಯರಿಗೆ ಹೇಳಿದ ಪಾಠವನ್ನು ನಾನೂ ಬದಿಗೆ ನಿಂತು ಭಕ್ತಿಯಿಂದ ಕೇಳಿದೆ. ಅನಂತರ ಅವರು ನನ್ನ ಕೈಗಡಿಯಾರ ಬಿಚ್ಚಿಸಿದರು, ಮೋಟಾರ್‌ಸೈಕಲ್ಲನ್ನು ಜಾಲಿಮರದ ಹಿಂದಕ್ಕೆ ತಳ್ಳಿಸಿದರು, ನನ್ನ ಹೆಂಡತಿ ಅಂಜನಾಬಾಯಿ ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಅಂಗಿ ಬೇಡವೆಂದು ಕುರಿಮರಿಗಳಿಗೆ ಹಾಸುವ ಕಂಬಳಿಯನ್ನು ನನ್ನ ಹೆಗಲಿಗೆ ಹೊದಿಸಿದರು. ಇಷ್ಟೆಲ್ಲ ಆದ ಮೇಲೆ ನಾನು ಇದ್ದ ಹಾಗೆಯೇ ಆದೆ. ‘ನಾವು ಇಲ್ಲಿ ಇಲ್ಲವೆಂದೇ ತಿಳಿಯಿರಿ’ ಎಂದು ತಾವು ಅಪ್ಪಣೆ ಕೊಡಿಸಿದಿರಿ. ನಾನು ಹಾಗೇ ತಿಳಿದೆ. ಆದರೆ ಊಟದ ಹೊತ್ತಿಗೆ ನೋಡಿದರೆ ತಾವೆಲ್ಲರೂ ಇದ್ದಿರಿ.

ಆ ಊಟದ ವಿಷಯ ಬರೆಯಲು ನಾಚಿಕೆ, ಏಕೆಂದರೆ ಉಣಿಸಿದ್ದನ್ನು ಆಡಿ ತೋರಿಸುವುದು ನಮ್ಮಲ್ಲಿ ಹಲ್ಕಾ ಕೆಲಸ. ತಾವು ಬರೆಯಿಸುತ್ತಿದ್ದೀರಿ ಎಂದು ಬರೆಯುತ್ತೇನೆ. ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಮಜ್ಜಿಗೆ ಇಷ್ಟೇ ಇದ್ದದ್ದು. ಹೊಲದ ಗಾಳಿಗೆ ತಮ್ಮ ಶಿಷ್ಯರ ಹಸಿವೆ ಚೆನ್ನಾಗಿ ಅರಳಿತು, ಗುರುಗಳದ್ದು ಇನ್ನೂ ಚೆನ್ನಾಗಿ ಅರಳಿತು. ಅಂಜನಾಬಾಯಿ ಮತ್ತೆ ಮತ್ತೆ ಹಿಟ್ಟು ನಾದಿದಳು. ನಮ್ಮ ಹಟ್ಟಿಯ ರೀತಿ ಹೇಗೆಂದರೆ, ಅತಿಥಿಗಳು ಕೈತೊಳೆದು ಏಳುವ ತನಕ ಮನೆಯ ಗಂಡಸು ಒಂದು ತುತ್ತೂ ಮುಟ್ಟುವಂತಿಲ್ಲ. ತಾವು ಏಳಲಿಲ್ಲ. ಒಲೆಯ ಮುಂದಿನಿಂದ ಅಂಜನಾಬಾಯಿ, “ಹಿಟ್ಟ ತೀರ್ಲಾಕ ಬಂತು, ಸಾಲ್ತದೋ ಇಲ್ಲೋ ನೋಡ್ರಿ” ಎಂದು ಮೆಲ್ಲಗೆ ಅಂದಾಗ, ಬಂದವರ ಮುಂದೆ ರೊಟ್ಟಿ ಕಡಿಮೆ ಬಿದ್ದರೆ ಮಾನ ಹೋಯಿತಲ್ಲ ಎಂದು ನನ್ನ ಮುಖ ಒಣಗಿತು. ಅದೇ ಗಳಿಗೆಯಲ್ಲಿ ಅನುರಾಧಾ ಅವರು ಎಡಗೈಯಿಂದಲೇ ಕ್ಯಾಮೆರಾ ಎತ್ತಿದರು. ಬಲಗೈಯಲ್ಲಿ ನಮ್ಮ ರೊಟ್ಟಿ ಇತ್ತು.

ಆ ಚಿತ್ರವನ್ನು ತಾವು ಬಾಗಿಲಷ್ಟು ದೊಡ್ಡದು ಮಾಡಿ ಉದಗೀರದ ಪ್ರದರ್ಶನದಲ್ಲಿ ತೂಗುಹಾಕಿದ್ದೀರಿ. ಕೆಳಗೆ ಮರಾಠಿಯಲ್ಲಿ ‘ಭೂಕ’ ಎಂದು ಬರೆದು, ನನಗೆ ಓದಲು ಬಾರದ ಇಂಗ್ಲಿಷಿನಲ್ಲಿ ಅದನ್ನೇ ಇನ್ನೂ ದಪ್ಪ ಅಕ್ಷರದಲ್ಲಿ ಬರೆಸಿದ್ದೀರಿ. ಅಂದರೆ ನಮ್ಮ ಹಸಿವೆ. ಮಾನ್ಯರೇ, ತಾವು ಸುಳ್ಳು ಬರೆದಿಲ್ಲ. ಆ ಹೊತ್ತಿಗೆ ನನಗೆ ನಿಜವಾಗಿಯೂ ವಿಪರೀತ ಹಸಿವೆಯಾಗಿತ್ತು. ಅದಕ್ಕೆ ಕಾರಣರಾದವರ ಹೆಸರನ್ನು ಮಾತ್ರ ತಾವು ವಿನಯದಿಂದ ಬಿಟ್ಟುಬಿಟ್ಟಿರಿ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನನ್ನ ಮಗಳು ಸೋನಾಲಿಯನ್ನು ಯೆಣೆಗೂರಿನ ಸುನಿಲ ಎಂಬ ಹುಡುಗನಿಗೆ ಕೊಡುವ ಮಾತು ಮುಗಿದು, ನಿಶ್ಚಿತಾರ್ಥದ ದಿನ ಗೊತ್ತು ಮಾಡುವುದಷ್ಟೇ ಉಳಿದಿತ್ತು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದಾರೆ. ಹುಡುಗನ ಸೋದರತ್ತೆ ಬಾಳಮ್ಮ ಸೀರೆ ಕೊಳ್ಳಲು ಉದಗೀರಕ್ಕೆ ಹೋದವರು ತಮ್ಮ ಪ್ರದರ್ಶನ ಹೊಕ್ಕು, ಭಾವೀ ಬೀಗನ ದರ್ಶನ ಮಾಡಿಕೊಂಡು ಬಂದರು. “ಕೂಳಿಗಿ ಗತಿ ಇಲ್ದ ಮಂದಿ ಅಂತ ಗ್ವಾಡಿಗಿ ಬರ್ದು ಹಚ್ಯಾರ, ಅಂಥ ಮನಿ ಹುಡುಗಿನ್ನ ಹ್ಯಾಂಗ ತರ್ತೀರಿ?” ಎಂದು ಅವರು ಕೇಳಿದ ಮೇಲೆ ಯೆಣೆಗೂರಿನಿಂದ ಫೋನು ಬರುವುದು ನಿಂತಿದೆ. ಸೋನಾಲಿ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾಳೆ. ನನಗೆ ನೋಡಲಾಗುವುದಿಲ್ಲ.

ಇನ್ನು ಅಂಜನಾಬಾಯಿ. ಚಿತ್ರದ ಕೆಳಗೆ ‘ಹಸಿವೆ’ ಎಂದು ಬರೆದಿದೆಯೆಂದು ತಿಳಿಸಿದಾಗ ಅವಳಿಗೆ ಮಗಳ ಮದುವೆಯೂ ನೆನಪಾಗಲಿಲ್ಲ, ಗಂಡನ ಮಾನವೂ ನೆನಪಾಗಲಿಲ್ಲ. “ಅಯ್ಯ, ಅವ್ರು ಅವತ್ತ ಹಸ್ಕೊಂಡೇ ಎದ್ದು ಹೋದ್ರೇನ್ರೀ? ನಾ ಇನ್ನೊಂದೀಟ ಹಿಟ್ಟ ನಾದಬೇಕಿತ್ತು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾವು ದೂರು ಬರೆದಿದ್ದೀರೆಂದು ಅವಳು ತಿಳಿದಿದ್ದಾಳೆ. ಹಾಗಲ್ಲವೆಂದು ಎಷ್ಟು ಹೇಳಿದರೂ ನಂಬುವುದಿಲ್ಲ, ಏಕೆಂದರೆ ತನ್ನ ಮನೆಯಲ್ಲಿ ಉಂಡವರು ಬೇರೆ ಯಾವ ಕಾರಣಕ್ಕೆ ಆ ಮಾತು ಬರೆದಾರೆಂದು ಅವಳಿಗೆ ತೋಚುವುದೇ ಇಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ. ಈ ಪತ್ರ ಶುರುವಾದದ್ದೂ ಅಲ್ಲಿಂದಲೇ.

ತಮ್ಮ ಪ್ರದರ್ಶನ ಈಗ ನಿಲಂಗಾದಲ್ಲಿದೆ, ಬರುವ ಸೋಮವಾರ ಉಮರ್ಗಾಕ್ಕೆ ಬರಲಿದೆ ಎಂದು ಕೇಳಿದ್ದೇನೆ. ಯೆಣೆಗೂರಿನವರ ಸಂತೆ, ದವಾಖಾನೆ, ಕಚೇರಿ ಎಲ್ಲವೂ ಉಮರ್ಗಾದಲ್ಲೇ. ಅಲ್ಲಿಯೂ ನಾನು ಹಾಗೇ ತೂಗಾಡಿದರೆ ಸೋನಾಲಿಯ ಸಂಬಂಧ ಅಲ್ಲಿಗೆ ಮುಗಿದಂತೆ. ಆದ್ದರಿಂದ ಕೆಲವು ಸಣ್ಣ ವಿನಂತಿಗಳಿವೆ. ಚಿತ್ರವನ್ನು ಇಳಿಸಿರೆಂದು ಕೇಳುವುದಿಲ್ಲ, ಕಲೆಗೆ ನೋವಾದೀತು. ಅದರ ಪಕ್ಕದಲ್ಲಿ ತಾವಿಬ್ಬರೂ ದಿನವಿಡೀ ನಿಂತು, ಬಂದವರಿಗೆಲ್ಲ ಅಂದು ಉಂಡ ಊಟದ ವರ್ಣನೆ ಮಾಡಬಹುದು. ಅದು ಕಷ್ಟವಾದರೆ ನನ್ನ ಇಡೀ ಹಿಂಡನ್ನೇ ಸಭಾಂಗಣಕ್ಕೆ ಹೊಡೆದುಕೊಂಡು ಬರುತ್ತೇನೆ. ನೋಡುಗರು ಎಣಿಸಿ ನೋಡಲಿ, ಕಸ ಗುಡಿಸುವುದನ್ನು ತಮ್ಮ ಶಿಷ್ಯರು ಕಲಿಯಲಿ. ಅದೂ ಆಗದಿದ್ದರೆ ಆ ಒಂದು ಪದವನ್ನು ಅಳಿಸಿ, ‘ಅತಿಥಿಗಳು ಏಳುವುದನ್ನು ಕಾಯುತ್ತಿರುವ ಯಜಮಾನ’ ಎಂದು ಬರೆಯಿರಿ. ಇದ್ದುದನ್ನು ಇದ್ದ ಹಾಗೆ ಹೇಳಬೇಕೆಂದು ಕಲಿಸುವವರಿಗೆ ಇದು ಭಾರವಾಗಲಿಕ್ಕಿಲ್ಲ.

ಯೆಣೆಗೂರಿನಿಂದ ಫೋನು ಬಂದರೆ ಮದುವೆಗೆ ತಾವು ಶಿಷ್ಯಸಮೇತ ಬರಲೇಬೇಕು. ತಾವು ಊಟ ಮಾಡಿ ಎದ್ದ ಮೇಲೆಯೇ ನಾನು ಉಣ್ಣುತ್ತೇನೆ.

ಕಂಬಳಿ ತೆಗೆದಿಟ್ಟು, ಗಡಿಯಾರ ಕಟ್ಟಿಕೊಂಡಿರುವ
ತಮ್ಮ ವಿಶ್ವಾಸಿ,
ಅಮೋಘಸಿದ್ಧ, ಗುಂಜೋಟಿ

ತಾ.ಕ.: ಎದುರಿಗಿದ್ದವರು ನಮ್ಮನ್ನು ಮರೆಯುವ ತನಕ ಕಾಯಬೇಕೆಂದು ಅಂದು ತಾವು ಸೋನಾಲಿಗೂ ನಾಲ್ಕು ಮಾತು ಕಲಿಸಿದಿರಿ. ಹಾಗೇ ಕಾದು ಅವಳು ಮೊಬೈಲಿನಲ್ಲಿ ಹಿಡಿದ ಒಂದು ಚಿತ್ರವನ್ನು ಇದರೊಂದಿಗೆ ಕಳಿಸಿದ್ದೇನೆ. ಅದರಲ್ಲಿ ತಾವಿಬ್ಬರೂ ಇದ್ದೀರಿ, ಬಾಯಿ ತುಂಬ ರೊಟ್ಟಿ ಇದೆ, ಕೈಗಳು ಮುಂದಿನದಕ್ಕೆ ಚಾಚಿವೆ, ಬೆಳಕಂತೂ ಬಹಳ ಸಹಜವಾಗಿ ಬಿದ್ದಿದೆ. ಇದಕ್ಕೂ ‘ಹಸಿವೆ’ ಎಂದೇ ಹೆಸರಿಟ್ಟು ಉಮರ್ಗಾದಲ್ಲಿ ನನ್ನ ಚಿತ್ರದ ಪಕ್ಕ ಹಚ್ಚುವವನಿದ್ದೆ. ಅಂಜನಾಬಾಯಿ ಬಿಡಲಿಲ್ಲ. “ನಮ್ಮ ಮನ್ಯಾಗ ಉಂಡ ಮಂದಿಗಿ ಹಂಗ ಅನ್ನಬಾರದ್ರೀ” ಎಂದಳು. ಆದ್ದರಿಂದ ಹೆಸರಿಲ್ಲದೆ ಕಳಿಸುತ್ತಿದ್ದೇನೆ.